ಸಣ್ಣ ಮಹಾನಗರದ ನಿರುದ್ಯೋಗ ದರ: ಮೊದಲು ತಲೆ ಎಣಿಸಿ

ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಮಹಾನಗರ ಪ್ರದೇಶ ಎನಿಸಿಕೊಳ್ಳಲು ನಡುವಿನ ನಗರಭಾಗದಲ್ಲಿ 50,000 ಜನ ಇದ್ದರೆ ಸಾಕು. ಇಷ್ಟು ಸಣ್ಣ ಪ್ರದೇಶಗಳಿಗೂ ಅಲ್ಲಿನ ಕಾರ್ಮಿಕ ಅಂಕಿಅಂಶ ಬ್ಯೂರೊ ಪ್ರತಿ ತಿಂಗಳು ನಿರುದ್ಯೋಗ ದರ ಪ್ರಕಟಿಸುತ್ತದೆ. ದರ ಅರ್ಧ ಅಂಶ ಏರಿದರೆ ಊರಿಗೆ ಊರೇ ಗಾಬರಿಯಾಗುತ್ತದೆ, ಇಳಿದರೆ ನಿರಾಳವಾಗುತ್ತದೆ. ಎರಡಕ್ಕೂ ಮೊದಲು ದರದ ಹಿಂದಿರುವ ತಲೆಗಳನ್ನು ಎಣಿಸಬೇಕು.

ಉದಾಹರಣೆಗೆ, ಕೆಲಸದಲ್ಲಿರುವವರು 76,000, ಕೆಲಸ ಹುಡುಕುತ್ತಿರುವವರು 4,000 ಎಂದುಕೊಳ್ಳಿ. ಒಟ್ಟು ದುಡಿಯುವ ಬಲ 80,000, ದರ ಶೇ 5. ಒಂದೇ ಕಾರ್ಖಾನೆ 400 ಮಂದಿಯನ್ನು ಮನೆಗೆ ಕಳಿಸಿದರೆ ದರ ಶೇ 5.5 ಆಗುತ್ತದೆ. ಅದರ ಬದಲು, ಹುಡುಕುತ್ತಿದ್ದವರಲ್ಲಿ 1,000 ಜನ ಬೇಸತ್ತು ಹುಡುಕಾಟವನ್ನೇ ಬಿಟ್ಟರೆ? ಅವರು ಲೆಕ್ಕದಿಂದಲೇ ಹೊರಗೆ. 79,000ದಲ್ಲಿ 3,000, ಅಂದರೆ ಶೇ 3.8. ಒಬ್ಬರಿಗೂ ಹೊಸ ಕೆಲಸ ಸಿಕ್ಕಿಲ್ಲ, ದರ ಮಾತ್ರ ಇಳಿದಿದೆ. ನನ್ನ ಮಟ್ಟಿಗೆ, ದರ ಇಳಿದು ದುಡಿಯುವ ಬಲವೂ ಕುಗ್ಗಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ.

ನಿರುದ್ಯೋಗಿ ಅನ್ನಿಸಿಕೊಳ್ಳಲು ಕೆಲಸವಿಲ್ಲದಿದ್ದರೆ ಸಾಲದು. ಹಿಂದಿನ ನಾಲ್ಕು ವಾರಗಳಲ್ಲಿ ಹುಡುಕಿರಬೇಕು, ಕರೆದರೆ ಸೇರಲು ಸಿದ್ಧರಿರಬೇಕು. ಮತ್ತೆ ಕರೆಸಿಕೊಳ್ಳುತ್ತಾರೆಂದು ಕಾಯುತ್ತಿರುವ ತಾತ್ಕಾಲಿಕ ಲೇಆಫ್‌ನವರಿಗೆ ಮಾತ್ರ ಹುಡುಕಾಟದ ಷರತ್ತಿಲ್ಲ. ಹಾಗಾಗಿ ಕಾರು ಕಾರ್ಖಾನೆ ಯಂತ್ರ ಬದಲಿಸಲು ಎರಡು ವಾರ ಬಾಗಿಲು ಹಾಕಿದರೂ ದರ ಜಿಗಿಯಬಹುದು, ಮುಂದಿನ ತಿಂಗಳು ಮೊದಲಿನಂತಾಗಬಹುದು.

ಇನ್ನು ಸಮೀಕ್ಷೆಯ ಮಾತು. ಇಡೀ ದೇಶಕ್ಕೆ ತಿಂಗಳಿಗೆ ಸುಮಾರು 60,000 ಮನೆಗಳ ಮಾದರಿ. ಅದರಲ್ಲಿ ಒಂದು ಸಣ್ಣ ಪ್ರದೇಶದ ಪಾಲಿಗೆ ಬರುವ ಮನೆಗಳು ನೇರವಾಗಿ ದರ ತೆಗೆಯಲು ಸಾಲುವುದಿಲ್ಲ. ಅದಕ್ಕೇ ನಿರುದ್ಯೋಗ ವಿಮೆಯ ಅರ್ಜಿಗಳು, ಉದ್ಯೋಗಗಳ ಎಣಿಕೆ, ಜನಗಣತಿಯ ಮಾಹಿತಿ ಇವನ್ನೆಲ್ಲ ಸೇರಿಸಿ ಅಂದಾಜು ಕಟ್ಟುತ್ತಾರೆ. ಮೊದಲು ಬರುವುದು ತಾತ್ಕಾಲಿಕ ಅಂಕಿ. ಮರುತಿಂಗಳು ತಿದ್ದುತ್ತಾರೆ, ವರ್ಷಕ್ಕೊಮ್ಮೆ ಹಿಂದಿನ ವರ್ಷಗಳನ್ನೂ ತಿದ್ದುತ್ತಾರೆ. ಹಳೆಯ ಪ್ರಕಟಣೆಯಿಂದ ಒಂದು ಅಂಕಿ, ಹೊಸದರಿಂದ ಇನ್ನೊಂದು ತೆಗೆದು ಹೋಲಿಸಿದರೆ ತಪ್ಪುವುದು ಖಚಿತ. ಪ್ರತಿ ಸಲ ಇಡೀ ಸರಣಿಯನ್ನು ಹೊಸದಾಗಿ ಇಳಿಸಿಕೊಳ್ಳಿ.

ಮಹಾನಗರಗಳ ಮಾಸಿಕ ಪ್ರಕಟಣೆಯ ಅಂಕಿಗಳಲ್ಲಿ ಋತುಮಾನದ ಏರಿಳಿತವನ್ನು ಕಳೆದಿರುವುದಿಲ್ಲ. ಹಬ್ಬದ ವ್ಯಾಪಾರ ಮುಗಿದ ಜನವರಿಯಲ್ಲಿ ಅಂಗಡಿಗಳು ತಾತ್ಕಾಲಿಕ ನೌಕರರನ್ನು ಕೈಬಿಡುತ್ತವೆ. ಬೇಸಿಗೆ ರಜೆಯಲ್ಲಿ ಶಾಲಾ ಬಸ್ ಚಾಲಕರಿಗೂ ಶಾಲೆಯ ಅಡುಗೆಯವರಿಗೂ ಕೆಲಸವಿರುವುದಿಲ್ಲ. ಕಾಲೇಜನ್ನೇ ನಂಬಿಕೊಂಡ ಊರಿನಲ್ಲಂತೂ ಇದು ಇನ್ನೂ ಎದ್ದು ಕಾಣುತ್ತದೆ. ಆದ್ದರಿಂದ ಜುಲೈಯನ್ನು ಜೂನ್ ಜೊತೆಗಲ್ಲ, ಹಿಂದಿನ ವರ್ಷದ ಜುಲೈ ಜೊತೆ ಹೋಲಿಸಬೇಕು. ಮೂರು ನಾಲ್ಕು ತಿಂಗಳು ಬಿಡದೆ ಒಂದೇ ದಿಕ್ಕಿಗೆ ಹೊರಳಿದ್ದರೆ ಆಗ ಅದನ್ನು ಪ್ರವೃತ್ತಿ ಅನ್ನಬಹುದು.

ನಿರುದ್ಯೋಗ ದರ ಎಣಿಸುವುದು ಅಲ್ಲಿ ವಾಸವಿರುವವರನ್ನು. ಸಂಸ್ಥೆಗಳ ವೇತನಪಟ್ಟಿ ಸಮೀಕ್ಷೆ ಎಣಿಸುವುದು ಅಲ್ಲಿರುವ ಕೆಲಸಗಳನ್ನು. ಪಕ್ಕದ ದೊಡ್ಡ ನಗರಕ್ಕೆ ದಿನಾ ಓಡಾಡುವವರು ಕೆಲಸ ಕಳೆದುಕೊಂಡರೆ, ಊರಿನ ಒಂದು ಕೆಲಸವೂ ಹೋಗದೆ ದರ ಏರುತ್ತದೆ. ಮುಷ್ಕರದ ವೇಳೆ ಇವೆರಡೂ ಬೇರೆ ಬೇರೆ ಮಾತಾಡುತ್ತವೆ: ಮುಷ್ಕರದಲ್ಲಿರುವವರು ಮನೆ ಸಮೀಕ್ಷೆಯಲ್ಲಿ ಉದ್ಯೋಗಿಗಳೇ, ಆದರೆ ಇಡೀ ವೇತನ ಅವಧಿ ಸಂಬಳವಿಲ್ಲದಿದ್ದರೆ ವೇತನಪಟ್ಟಿಯಲ್ಲಿ ಇರುವುದಿಲ್ಲ.

ಮುನ್ಸೂಚನೆ ಬೇಕಿದ್ದರೆ ವಾರ್ನ್ ಕಾಯ್ದೆಯಡಿಯ ನೋಟಿಸುಗಳನ್ನು ನೋಡಿ. 100 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಸಾಮಾನ್ಯವಾಗಿ ದೊಡ್ಡ ಕಡಿತಕ್ಕೆ 60 ದಿನ ಮೊದಲೇ ತಿಳಿಸಬೇಕು. ಸಣ್ಣ ಹೋಟೆಲು, ಗ್ಯಾರೇಜುಗಳ ಕಡಿತ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ವಿಮೆಯ ಹೊಸ ಅರ್ಜಿಗಳೇ ದಾರಿ. ಹಳೆಯ ವರ್ಷಗಳಿಗೆ ಹೋಲಿಸುವಾಗ ಗಡಿಯನ್ನೂ ನೋಡಿಕೊಳ್ಳಿ: 2023ರಲ್ಲಿ ಮಹಾನಗರ ಪ್ರದೇಶಗಳ ಗಡಿಗಳನ್ನು ಪರಿಷ್ಕರಿಸಲಾಯಿತು. ಒಂದು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಸೇರಿದರೂ ಬಿಟ್ಟರೂ ಸಾವಿರಾರು ದುಡಿಯುವವರು ಒಂದೇ ಸಲಕ್ಕೆ ಬಂದಂತೆ ಅಥವಾ ಹೋದಂತೆ ಕಾಣುತ್ತದೆ.