ಚೋಮ ಕೇಳಿದ್ದು ಗದ್ದೆ

ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಾಗಲೆಲ್ಲ ಒಂದೇ ವಾಕ್ಯ ಎದುರಾಗುತ್ತದೆ: ‘ಅಸ್ಪೃಶ್ಯತೆ ಎಂಬ ಸಾಮಾಜಿಕ ಪಿಡುಗನ್ನು ಕಾರಂತರು ಮನಮಿಡಿಯುವಂತೆ ಚಿತ್ರಿಸಿದ್ದಾರೆ.’ ಕನ್ನಡ ಮೇಷ್ಟರಾಗಿ ಇದಕ್ಕೆ ಅಂಕ ಕೊಡದೆ ವಿಧಿಯಿಲ್ಲ, ಕೊಡುವಾಗ ಸಂಕಟವಾಗುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು ಓದದವರು ಹೀಗೆ ಬರೆದರೆ ಅರ್ಥವಾಗುತ್ತದೆ. ಓದಿದವರೂ ಇದನ್ನೇ ಬರೆಯುತ್ತಾರಲ್ಲ, ಅದು ನನ್ನ ತಕರಾರು.

ಚೋಮನಿಗೆ ಏನು ಬೇಕಿತ್ತು ಎಂದು ತರಗತಿಯಲ್ಲಿ ಕೇಳಿ ನೋಡಿ. ಸಮಾನತೆ, ಗೌರವ, ಮಾನವೀಯತೆ ಎಂದು ಒಂದೊಂದು ಬೆಂಚಿನಿಂದ ಒಂದೊಂದು ಉತ್ತರ ಬರುತ್ತದೆ. ಅವನು ಬಾಯಿಬಿಟ್ಟು ಕೇಳುವುದು ಬೇಸಾಯಕ್ಕೊಂದು ತುಂಡು ನೆಲ. ಎತ್ತುಗಳಿವೆ, ತೋಳಿನಲ್ಲಿ ಕಸುವಿದೆ, ಗದ್ದೆಯಿಲ್ಲ. ಹೊಲೆಯನಾದವನು ಬೇಸಾಯ ಮಾಡಕೂಡದು ಎಂಬ ಕಟ್ಟಳೆ. ಧಣಿ ಸಂಕಪ್ಪಯ್ಯನ ಮನಸ್ಸು ತುಸು ಕರಗುತ್ತದೆ. ಧಣಿಯ ತಾಯಿ ಒಪ್ಪುವುದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಭಾಗವನ್ನು ನಿಧಾನವಾಗಿ ಓದಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸಂಕಪ್ಪಯ್ಯ ಕ್ರೂರಿಯಾಗಿದ್ದರೆ ನಮಗೆ ಸುಲಭವಿತ್ತು, ಅವನೊಬ್ಬನನ್ನು ಬೈದು ಪುಸ್ತಕ ಮುಚ್ಚಬಹುದಿತ್ತು. ಕನಿಕರವುಳ್ಳ ಧಣಿಯಿಂದಲೂ ಗದ್ದೆ ಹುಟ್ಟಲಿಲ್ಲ ಎಂಬುದನ್ನು ಕಾರಂತರು ಕಣ್ಣಿಗೆ ಕಟ್ಟುವಂತೆ ತೋರಿಸಿದ ಮೇಲೂ ನಾವು ಮತ್ತೆ ಕನಿಕರವನ್ನೇ ತಂದು ಸುರಿದರೆ, ಸಂಕಪ್ಪಯ್ಯ ನಿಂತಲ್ಲೇ ನಾವೂ ನಿಂತ ಹಾಗಾಯಿತು.

ಚೋಮನ ಮಗ ನೀರಿನಲ್ಲಿ ಮುಳುಗಿ ಸಾಯುವ ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ನೆನಪಿರಬೇಕಾದದ್ದೇ. ಆದರೆ ಅವನ ಮಕ್ಕಳನ್ನು ಕಾಫಿ ತೋಟದ ದುಡಿಮೆಗೆ ಅಟ್ಟಿದ, ಚೋಮನ ತಲೆಮೇಲಿನ ಸಾಲದ ಬಗ್ಗೆ ಯಾರೂ ನಾಲ್ಕು ಸಾಲು ಬರೆಯುವುದಿಲ್ಲ.

ಕಾದಂಬರಿ ಬಂದದ್ದು 1933ರಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: ‘ಸರ್, ಚೋಮ ಅಲ್ಲಿಯವರೆಗೆ ಬದುಕಿದ್ದರೆ ಅವನಿಗೆ ಗದ್ದೆ ಸಿಗುತ್ತಿತ್ತೇ?’ ಪಾಠ ಬದಿಗಿಟ್ಟು ಆ ಗಂಟೆ ಪೂರ್ತಿ ಅದನ್ನೇ ಮಾತಾಡಿದೆವು. ಕಾನೂನು ನನ್ನ ಕ್ಷೇತ್ರವಲ್ಲ, ಆದ್ದರಿಂದ ಅಳೆದು ಹೇಳುತ್ತೇನೆ. ಆ ಕಾಯ್ದೆ ಮುಖ್ಯವಾಗಿ ಒಡೆತನ ಕೊಟ್ಟದ್ದು ಗೇಣಿದಾರನಿಗೆ, ಅಂದರೆ ಒಡೆಯನಿಗೆ ಗೇಣಿ ತೆತ್ತು ಅವನ ನೆಲ ಉಳುವವನಿಗೆ. ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ, ಈ ಗದ್ದೆಯನ್ನು ನಾನು ಗೇಣಿಗೆ ಮಾಡುತ್ತಿದ್ದೇನೆ ಎಂದು ತೋರಿಸಬೇಕಿತ್ತು. ಚೋಮನಿಗೆ ಗೇಣಿಗೂ ಯಾರೂ ನೆಲ ಕೊಟ್ಟಿರಲಿಲ್ಲ, ಅವನು ಆಳು. ಹೆಚ್ಚುವರಿ ಭೂಮಿಯ ಹಂಚಿಕೆಯಲ್ಲಿ ತುಂಡು ನೆಲ ದಕ್ಕಬಹುದಿತ್ತೇನೋ. ‘ಉಳುವವನೇ ಹೊಲದೊಡೆಯ’ ಸರಿ, ಉಳಲಿಕ್ಕೇ ಬಿಡದವನ ಗತಿಯೇನು ಎಂದು ಆ ಹುಡುಗಿ ಮತ್ತೆ ಕೇಳಿದಳು. ತನ್ನ ಅಜ್ಜನ ಹೆಸರಿಗೆ ಪಹಣಿ ಏಕೆ ಇಲ್ಲವೆಂದು ಅವಳಿಗೆ ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲವಂತೆ. ಇಂಥ ಮಕ್ಕಳಿಗಾಗಿಯೇ ನಾನು ಈ ಕಾದಂಬರಿಯನ್ನು ಬೇಸರವಿಲ್ಲದೆ ಪಾಠ ಮಾಡುತ್ತೇನೆ.

ಎಲ್ಲ ಕೃತಿಗಳನ್ನೂ ಹೀಗೆ ಜಮೀನಿನ ಲೆಕ್ಕದಲ್ಲೇ ಓದಬೇಕೆಂದು ನಾನು ಹೇಳುತ್ತಿಲ್ಲ; ಹಾಗೆ ಓದಿದರೆ ಚೋಮ ಬಡಿಯುವ ಆ ದುಡಿಯ ಸದ್ದು ನಮಗೆ ಕೇಳಿಸದೇ ಹೋದೀತು. ಪ್ರಶ್ನೆಪತ್ರಿಕೆ ತಯಾರಿಸುವ ಸಹೋದ್ಯೋಗಿಗಳಲ್ಲಿ ನನ್ನದೊಂದೇ ಕೋರಿಕೆ. ‘ಕಾದಂಬರಿಯ ಸಂದೇಶವೇನು?’ ಎಂಬ ಪ್ರಶ್ನೆಯನ್ನು ಕೈಬಿಡಿ. ‘ಸಂಕಪ್ಪಯ್ಯನಿಗೆ ಮನಸ್ಸಿದ್ದೂ ಚೋಮನಿಗೆ ಗದ್ದೆ ಏಕೆ ಸಿಗಲಿಲ್ಲ?’ ಎಂದು ಐದು ಅಂಕಕ್ಕೆ ಕೇಳಿ. ಗೈಡುಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ, ಮಕ್ಕಳು ಆ ಪುಟಗಳನ್ನು ತೆರೆಯಲೇಬೇಕಾಗುತ್ತದೆ.