ಇಲ್ಲದ ಗಾಯ ಮಾಯಿಸಲು ಹೊರಟ ಚರ್ಮ

ಚರ್ಮದ ಮೇಲೆ ಚಕ್ಕೆ ಏಳುವ ಸೋರಿಯಾಸಿಸ್ ಕಾಯಿಲೆ ಬಂದವರಲ್ಲಿ ಎಷ್ಟೋ ಜನ ಮೊದಲು ಮಾಡುವುದೇ ಚಕ್ಕೆ ಕೀಳುವ ಕೆಲಸ. ಸ್ನಾನದಲ್ಲಿ ನಾರಿನಿಂದ ಗಸಗಸ ಉಜ್ಜುತ್ತಾರೆ, ಕೂತಲ್ಲಿ ಉಗುರಿನಿಂದ ಎಬ್ಬಿಸುತ್ತಾರೆ. "ಎಷ್ಟು ತೆಗೆದ್ರೂ ಮತ್ತೆ ಬರುತ್ತೆ ಡಾಕ್ಟ್ರೇ" ಅನ್ನುತ್ತಾರೆ. ಕಿತ್ತಷ್ಟೂ ಜಾಸ್ತಿಯಾಗುತ್ತದೆ ಎಂದರೆ ನಂಬುವುದು ಕಷ್ಟ. ಅದಕ್ಕೇ ಕಾರಣ ಹೇಳುತ್ತೇನೆ.

ಚರ್ಮದ ಹೊರಪದರದ ಕೋಶಗಳು ತಳದಲ್ಲಿ ಹುಟ್ಟಿ, ಮೆಲ್ಲಗೆ ಮೇಲೇರಿ, ಸತ್ತು ಉದುರುತ್ತವೆ. ಇದಕ್ಕೆ ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ 3ರಿಂದ 5 ದಿನ ಸಾಕು. ಬಲಿಯುವ ಮೊದಲೇ ಮೇಲೆ ಬಂದ ಕೋಶಗಳು ಬಿಡಿಬಿಡಿಯಾಗಿ ಉದುರದೆ ಅಂಟಿಕೊಂಡು ಉಳಿಯುತ್ತವೆ. ಬೆಳ್ಳಿ ಬಣ್ಣದ ಆ ಚಕ್ಕೆ ಕೊಳೆಯಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಕೋಶಗಳಿಗೆ "ಬೆಳೆ, ಎರಡಾಗು" ಎಂದು ಹೇಳುವ ಪ್ರೋಟೀನುಗಳಿವೆ. ಅವೇ ಗ್ರೋತ್ ಫ್ಯಾಕ್ಟರ್‌ಗಳು. ಅವುಗಳಲ್ಲೊಂದಾದ ಇಜಿಎಫ್ ಕಂಡುಹಿಡಿದ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಸಿಕ್ಕಿತು. ಅದೇ ಕುಟುಂಬದ ಟಿಜಿಎಫ್-ಆಲ್ಫಾ ಸೋರಿಯಾಸಿಸ್ ಚರ್ಮದಲ್ಲಿ ತುಂಬಾ ಜಾಸ್ತಿ. ಚರ್ಮದ ಕೋಶಗಳೇ ಅದನ್ನು ತಯಾರಿಸುತ್ತವೆ, ಅದರ ಮಾತು ಕೇಳಿ ಬೆಳೆಯುವುದೂ ಅವೇ. ಕೈ ಕುಯ್ದುಕೊಂಡಾಗ ಗಾಯ ಮುಚ್ಚುವುದು ಇಂಥ ಪ್ರೋಟೀನುಗಳಿಂದಲೇ. ಮುಚ್ಚಿದ ಮೇಲೆ ಸುಮ್ಮನಾಗಬೇಕು. ಸೋರಿಯಾಸಿಸ್‌ನಲ್ಲಿ ಟ್ಯಾಂಕ್ ತುಂಬಿದ ಮೇಲೂ ಓಡುವ ಮೋಟಾರಿನ ಹಾಗೆ ನಡೆಯುತ್ತಲೇ ಇರುತ್ತದೆ.

ಈ ಮೋಟಾರನ್ನು ಓಡಿಸುತ್ತಿರುವುದು ರೋಗನಿರೋಧಕ ಕೋಶಗಳು. ಇಂಟರ್‌ಲ್ಯೂಕಿನ್-23 ಎಂಬ ಸಂದೇಶ ಒಯ್ಯುವ ಪ್ರೋಟೀನು ಅವನ್ನು ಕೆರಳಿಸುತ್ತದೆ. ಅವು ಇಂಟರ್‌ಲ್ಯೂಕಿನ್-17 ಸುರಿಯುತ್ತವೆ. ಚರ್ಮ ಅದಕ್ಕೆ ಓಗೊಟ್ಟು ಬೆಳೆಯುತ್ತದೆ, ಜೊತೆಗೆ ಇನ್ನಷ್ಟು ರೋಗನಿರೋಧಕ ಕೋಶಗಳನ್ನು ಕರೆಸಿಕೊಳ್ಳುತ್ತದೆ. ವಿಇಜಿಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಸಣ್ಣ ರಕ್ತನಾಳಗಳನ್ನು ಬೆಳೆಸುತ್ತದೆ. ಚಕ್ಕೆ ಕಿತ್ತಾಗ ಸೂಜಿಮೊನೆಯಷ್ಟು ರಕ್ತ ಜಿನುಗುತ್ತದಲ್ವಾ, ಅದು ಮೇಲ್ಗಡೆಗೇ ಬಂದಿರುವ ಆ ನಾಳಗಳದ್ದು.

ಈಗ ಯೋಚಿಸಿ. ಗಾಯ ಮಾಯಿಸಲು ಹೊರಟ ಚರ್ಮಕ್ಕೆ ಉಗುರು ಹಾಕಿದರೆ ನಿಜವಾದ ಗಾಯವನ್ನೇ ಕೊಟ್ಟಂತೆ. ಗೀರಿದ ಕಡೆ, ಹಚ್ಚೆ ಹಾಕಿಸಿದ ಕಡೆ ಹೊಸ ಮಚ್ಚೆ ಏಳುವುದನ್ನು ಜರ್ಮನಿಯ ಹೈನ್ರಿಕ್ ಕೋಬ್ನರ್ 1870ರ ದಶಕದಲ್ಲೇ ವಿವರಿಸಿದ್ದರು. ಚಕ್ಕೆ ದಪ್ಪವಿದ್ದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ನೆನೆಯಲು ಬಿಡಿ. ಸಡಿಲವಾದದ್ದು ತಾನಾಗಿ ಹೋಗುತ್ತದೆ. ಯೌವನದ ಹೆಸರಲ್ಲಿ ಮಾರುವ ಇಜಿಎಫ್ ಸೀರಮ್‌ಗಳನ್ನು ಸೋರಿಯಾಸಿಸ್ ಇರುವವರು ಹಚ್ಚದಿರುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

"ಇಷ್ಟು ಬೆಳೆಯುತ್ತೆ ಅಂದ್ರೆ ಕ್ಯಾನ್ಸರಾ?" ಎಂದು ಹೆದರಿ ಕೇಳುವವರಿದ್ದಾರೆ. ಖಂಡಿತ ಅಲ್ಲ. "ಬೆಳೆ" ಎಂಬ ಸೂಚನೆ ನಿಂತರೆ ಈ ಕೋಶಗಳು ಮೊದಲಿನ ವೇಗಕ್ಕೇ ಮರಳುತ್ತವೆ.

ಹಾಗಾದರೆ ಇಜಿಎಫ್‌ನ ದಾರಿಯನ್ನೇ ಮುಚ್ಚಬಾರದೇ? ಅಂಥ ಔಷಧಗಳು ಕ್ಯಾನ್ಸರ್ ಚಿಕಿತ್ಸೆಯಲ್ಲಿವೆ. ಆದರೆ ಅವನ್ನು ಕೊಟ್ಟವರಲ್ಲಿ ಮೊಡವೆಯಂಥ ಗುಳ್ಳೆ ಏಳುತ್ತವೆ, ಚರ್ಮ ಒಣಗುತ್ತದೆ. ಆರೋಗ್ಯವಂತ ಚರ್ಮಕ್ಕೂ ಆ ಸೂಚನೆ ಬೇಕಲ್ಲ! ಅದಕ್ಕೇ ನಾವು ರೋಗನಿರೋಧಕ ಕೋಶಗಳ ಹಂತದಲ್ಲೇ ತಡೆಯುತ್ತೇವೆ. ಇಂಟರ್‌ಲ್ಯೂಕಿನ್-17 ಮತ್ತು 23 ತಡೆಯುವ ಇಂಜೆಕ್ಷನ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಬೆಂಗಳೂರಿನ ಔಷಧ ಕಂಪನಿ ಬಯೋಕಾನ್‌ನ ಇನ್ನೊಂದು ಬಗೆಯ ಔಷಧ ಇಟೋಲಿಜುಮ್ಯಾಬ್‌ಗೂ 2013ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತ್ತು. ಆದರೆ ಇಂಥ ಔಷಧಗಳ ಬೆಲೆ ಎಲ್ಲರ ಕೈಗೆ ಎಟುಕುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಬಹಳ ಜನರಿಗೆ ಮುಲಾಮು, ಯುವಿಬಿ ಎಂಬ ಅತಿನೇರಳೆ ಬೆಳಕು, ಮೆಥೊಟ್ರೆಕ್ಸೇಟ್ ಮಾತ್ರೆಗಳಲ್ಲೇ ಹಿಡಿತ ಸಿಗುತ್ತದೆ. ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ವಾರದಲ್ಲಿ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಮಗು ಬೇಕೆಂದಿದ್ದರೆ ಮಾತ್ರೆ ಶುರುವಾಗುವ ಮೊದಲೇ ವೈದ್ಯರಿಗೆ ಹೇಳಿ.