ಬಿಸಿಲು ಚೆನ್ನಾಗಿದೆ, ಸೋಲಾರ್ ನೀರು ಯಾಕೆ ತಣ್ಣಗಿದೆ?

ಮೈಸೂರಿನ ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಯಾವುದಾದರೂ ತಾರಸಿ ಹತ್ತಿ ನೋಡಿ. ದಕ್ಷಿಣಕ್ಕೆ ಮುಖ ಮಾಡಿದ ಸೋಲಾರ್‌ಗಳು ಸಾಲಾಗಿ ಕಾಣುತ್ತವೆ. ನೀರು ಕಾಯಲಿಲ್ಲ ಅಂದರೆ ನಾವು ಮೊದಲು ಮೋಡವನ್ನು ಬೈಯುತ್ತೇವೆ, ಆಮೇಲೆ ಪ್ಯಾನೆಲ್‌ ಅನ್ನು. ಪಾಪ, ಬಹಳ ಸಲ ಎರಡರದ್ದೂ ತಪ್ಪಿರುವುದಿಲ್ಲ. ನೀರು ಓಡಾಡುವ ದಾರಿಯಲ್ಲೇ ಏನೋ ಅಡ್ಡಿ ಇರುತ್ತದೆ.

ಸಾಮಾನ್ಯ ಮನೆಯ ಸೋಲಾರ್‌ನಲ್ಲಿ ನೀರು ತಿರುಗಿಸಲು ಪಂಪ್ ಇಲ್ಲ. ಪ್ಯಾನೆಲ್‌ನಲ್ಲಿ ಕಾದ ನೀರು ಹಗುರವಾಗಿ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಕೆಳಗಿಳಿಯುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನ ತೂಕ ಸುಮಾರು 998 ಗ್ರಾಂ. 60 ಡಿಗ್ರಿಯಲ್ಲಿ 983. ಲೀಟರಿಗೆ ಈ 15 ಗ್ರಾಂ ವ್ಯತ್ಯಾಸವೇ ಇಡೀ ಸೋಲಾರ್‌ನ ಎಂಜಿನ್! ಇಷ್ಟು ಮೆತ್ತಗಿನ ತಳ್ಳು ಪೈಪಿನಲ್ಲಿ ಸಿಕ್ಕ ಗಾಳಿಯ ಮುಂದೆ ಸೋತುಬಿಡುತ್ತದೆ. ನೀರು ಬಾರದೆ ಟ್ಯಾಂಕ್ ಖಾಲಿಯಾಗಿ, ಮತ್ತೆ ತುಂಬಿದ ಮೇಲೆ ಈ ತೊಂದರೆ ಜಾಸ್ತಿ.

ಮಧ್ಯಾಹ್ನ ಪ್ಯಾನೆಲ್‌ನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಹುಷಾರಾಗಿ ಮುಟ್ಟಿ ನೋಡಿ. ಪ್ಯಾನೆಲ್ ಕಡೆ ಸುಡುತ್ತಿದ್ದು ಟ್ಯಾಂಕ್ ಕಡೆ ತಣ್ಣಗಿದ್ದರೆ ನೀರು ತಿರುಗುತ್ತಿಲ್ಲ. ಒಂದೋ ಗಾಳಿ, ಇಲ್ಲವೇ ಸುಣ್ಣ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆಯುತ್ತದೆ. ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಪೈಪಿನೊಳಗೆ ಬಿಳಿ ಪೊರೆಯಾಗಿ ಕೂರುತ್ತದೆ. ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಇದೇ. ಅದನ್ನು ಆಸಿಡ್ ಹಾಕಿ ತೆಗೆಯುವುದು ಗೊತ್ತಿದ್ದವರ ಕೆಲಸ, ನೀವು ಕೈ ಹಾಕಬೇಡಿ.

ಗಾಜಿನ ಟ್ಯೂಬಿನ ಸೋಲಾರ್‌ನಲ್ಲಿ ಈ ಪೈಪುಗಳಿಲ್ಲ. ಅಲ್ಲಿ ಟ್ಯೂಬಿನ ಬುಡ ನೋಡಿ. ಬೆಳ್ಳಿ ಬಣ್ಣ ಮಾಸಿ ಸುಣ್ಣದ ಬಿಳುಪಿಗೆ ತಿರುಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಆ ಟ್ಯೂಬ್ ಬದಲಿಸಬೇಕು.

ತಾರಸಿಯಲ್ಲಿ ಎಲ್ಲ ಸರಿಯಿದ್ದೂ ಬಚ್ಚಲಿನಲ್ಲಿ ಉಗುರುಬೆಚ್ಚಗೆ ಬರುತ್ತಿದೆಯಾ? ಕಳ್ಳ ಮನೆಯೊಳಗೇ ಇದ್ದಾನೆ! ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಎರಡೂ ತಿರುಪು ತೆರೆದಿಟ್ಟು, ಕೈಶವರ್‌ನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸುವವರು ಬಹಳ ಜನ. ಆಗ ಮಿಕ್ಸರ್ ಒಳಗೆ ತಣ್ಣೀರು, ಬಿಸಿನೀರಿನ ಪೈಪುಗಳು ಒಂದಾಗುತ್ತವೆ. ಇನ್ನೊಂದು ಕಡೆ ಬಿಸಿನೀರು ಬಿಟ್ಟಾಗ ಇಲ್ಲಿಂದ ತಣ್ಣೀರು ನುಗ್ಗುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಇದ್ದರಂತೂ ಸೋಲಾರ್ ಟ್ಯಾಂಕಿನವರೆಗೂ ಅದು ಹತ್ತಬಹುದು.

ಇದನ್ನು ಹಿಡಿಯುವುದು ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಿರಿ. ಬಿಸಿನೀರಿನ ಪೈಪ್ ಟ್ಯಾಂಕಿನ ಮೇಲ್ಭಾಗದಿಂದ ಹೊರಡುತ್ತದೆ. ಹಾಗಾಗಿ ಹೊಸ ನೀರು ಒಳಗೆ ಬರದಿದ್ದರೆ ಸ್ವಲ್ಪ ಹೊತ್ತಿಗೆ ನಲ್ಲಿ ನಿಲ್ಲಬೇಕು. ನಿಲ್ಲದೆ ತಣ್ಣಗೆ ಸುರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ಸೇರುತ್ತಿದೆ. ಒಂದೊಂದೇ ಮಿಕ್ಸರ್ ಪೂರ್ತಿ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ನಿಂತಿತೋ ಅಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಆಮೇಲೆ ತಾರಸಿಯ ವಾಲ್ವ್ ತೆರೆಯುವುದನ್ನು ಮರೆಯಬೇಡಿ.